ಹೊಗೆಯಿಂದ ಹಾಲಿನವರೆಗೆ: ಕಸ ಸುಡುವ ಕುಲುಮೆಗಳೂ ಡಯಾಕ್ಸಿನ್ ಎಂಬ ವಿಷವೂ

ಶ್ರೀಮಠದ ಜಾತ್ರೆ ಮುಗಿದ ಮರುದಿನದ ನೋಟ ಭಕ್ತಾದಿಗಳೆಲ್ಲರಿಗೂ ಪರಿಚಿತವಾದುದೇ. ತೇರಿನ ಬೀದಿಯುದ್ದಕ್ಕೂ ತೂರಿದ ಉತ್ತತ್ತಿ, ತುಳಿತಕ್ಕೆ ಸಿಕ್ಕ ಬಾಳೆಹಣ್ಣು, ಹರಿದ ಹೂಮಾಲೆ. ದಾಸೋಹದ ಚಪ್ಪರದ ಹಿಂದೆ ಊಟದ ತಟ್ಟೆ ಲೋಟಗಳ ರಾಶಿ. ಕಂಬಗಳಲ್ಲಿ ಪೂಜ್ಯರಿಗೂ ಅತಿಥಿಗಳಿಗೂ ಸ್ವಾಗತ ಕೋರುವ ಫ್ಲೆಕ್ಸ್ ಹಾಳೆಗಳು. ಸಂಜೆಯ ವೇಳೆಗೆ ಇವೆಲ್ಲವೂ ಹಿಂಬದಿಯ ಗುಂಡಿಗೆ ಸೇರಿ, ಯಾರೋ ಒಬ್ಬರು ಬೆಂಕಿ ತಾಗಿಸುತ್ತಾರೆ. ಕಳೆದ ವರ್ಷ ಆ ಕಪ್ಪು ಹೊಗೆ ಗೋಶಾಲೆಯ ಮೇಲೆ ಹಾಯ್ದು ಹೋಗುತ್ತಿರುವುದನ್ನು ನೋಡುತ್ತ ನಿಂತಿದ್ದ ಹಿರಿಯ ಭಕ್ತರೊಬ್ಬರು ನಮ್ಮನ್ನು ಕೇಳಿದರು: "ಬೆಂಗಳೂರಿನ ಕಸವನ್ನು ಬಿಡದಿಯಲ್ಲಿ ಸುಟ್ಟು ಕರೆಂಟು ಮಾಡುತ್ತಾರಂತೆ. ಅಂಥ ಕಡೆ ಬರುವ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ ಎಂದು ಓದಿದೆ. ಹಾಗಾದರೆ ನಮ್ಮ ಈ ಹೊಗೆಯಲ್ಲಿ ಏನಿದೆ, ಸ್ವಾಮಿ?"

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಆರೋಗ್ಯ ವಿಭಾಗದಲ್ಲಿ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ಮಂಡಿನೋವು, ರಕ್ತದ ಒತ್ತಡಗಳನ್ನು ಕುರಿತು ಬರೆಯುವ ನಾವು ಈ ತಿಂಗಳು ಹೊಗೆಯನ್ನು ಕುರಿತು ಬರೆಯಲು ಆ ಪ್ರಶ್ನೆಯೇ ಕಾರಣ.

ಡಯಾಕ್ಸಿನ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಇಂಗಾಲ, ಜಲಜನಕ, ಆಮ್ಲಜನಕ ಮತ್ತು ಕ್ಲೋರಿನ್ ಸೇರಿ ಆಗುವ ಒಂದು ದೊಡ್ಡ ಕುಟುಂಬವದು. ಡಯಾಕ್ಸಿನ್ ಬಗೆಯವು 75, ಅವುಗಳ ದಾಯಾದಿಗಳಾದ ಫ್ಯೂರಾನ್ ಬಗೆಯವು 135, ಒಟ್ಟು 210. ಇವುಗಳಲ್ಲಿ 17 ಮಾತ್ರ ಜೀವಿಗಳಿಗೆ ವಿಶೇಷವಾಗಿ ಹಾನಿಕರ. ಆ ಹದಿನೇಳರಲ್ಲಿಯೂ ಅತ್ಯುಗ್ರವಾದ ಟಿಸಿಡಿಡಿ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. 1976ರ ಜುಲೈ 10ರಂದು ಇಟಲಿಯ ಸೆವೆಸೊ ಪಟ್ಟಣದ ಬಳಿಯ ರಾಸಾಯನಿಕ ಕಾರ್ಖಾನೆಯಿಂದ ಹೊರಬಿದ್ದ ಮೋಡದಲ್ಲಿ ಇದ್ದುದು ಇದೇ. ಅಲ್ಲಿಯ ಮಕ್ಕಳ ಮುಖದ ಮೇಲೆ ಎದ್ದ ಗುಳ್ಳೆಗಳ ಚಿತ್ರಗಳು ಆ ಕಾಲದಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು.

ಯಾರೂ ಇದನ್ನು ಬೇಕೆಂದು ತಯಾರಿಸುವುದಿಲ್ಲ; ಇದರಿಂದ ಯಾವ ಉಪಯೋಗವೂ ಇಲ್ಲ. ಬೇರೆ ಏನನ್ನೋ ಮಾಡುವಾಗ, ವಿಶೇಷವಾಗಿ ಕಸವನ್ನು ಸುಡುವಾಗ, ತಾನಾಗಿ ಹುಟ್ಟಿಕೊಳ್ಳುತ್ತದೆ. ಹುಟ್ಟಿದ ಮೇಲೆ ಬೇಗ ಅಳಿಯುವುದಿಲ್ಲ. ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುವುದು. ನಮ್ಮ ದೇಹದೊಳಗೆ ಹೊಕ್ಕ ಡಯಾಕ್ಸಿನ್‌ನಲ್ಲಿ ಅರ್ಧದಷ್ಟು ಹೊರಹೋಗಲು 7ರಿಂದ 11 ವರ್ಷಗಳು ಬೇಕೆಂದು ಅಂದಾಜಿಸಲಾಗಿದೆ. ಆದ್ದರಿಂದ ಇಂದು ಎಷ್ಟು ಸೇರಿತು ಎಂಬುದಕ್ಕಿಂತ, ವರ್ಷ ವರ್ಷವೂ ಎಷ್ಟು ಸೇರುತ್ತ ಹೋಯಿತು ಎಂಬುದೇ ಮುಖ್ಯ. ದೀರ್ಘಕಾಲ ಹೆಚ್ಚಾಗಿ ಸೇರಿದರೆ ರೋಗನಿರೋಧಕ ಶಕ್ತಿ, ಹಾರ್ಮೋನುಗಳ ವ್ಯವಸ್ಥೆ, ಸಂತಾನಶಕ್ತಿ ಇವುಗಳಿಗೆ ಧಕ್ಕೆಯಾಗುತ್ತದೆ. ಗರ್ಭದಲ್ಲಿರುವ ಶಿಶು ಎಲ್ಲರಿಗಿಂತ ಹೆಚ್ಚು ಸೂಕ್ಷ್ಮ.

ಹಾಲೆಂಡಿನ ಹಸುಗಳು

ಕಸದ ಕುಲುಮೆಗೂ ಈ ವಿಷಕ್ಕೂ ಇರುವ ನಂಟು ಜಗತ್ತಿಗೆ ತಿಳಿದುದು ಹಾಲೆಂಡಿನಿಂದ. 1977ರಲ್ಲಿ ಓಲಿ, ವೆರ್ಮ್ಯುಲೆನ್ ಮತ್ತು ಹುಟ್ಜಿಂಗರ್ ಎಂಬ ಮೂವರು ವಿಜ್ಞಾನಿಗಳು ಆ ದೇಶದ ನಗರಸಭೆಗಳ ಕಸದ ಕುಲುಮೆಗಳಿಂದ ಹಾರುಬೂದಿಯನ್ನೂ ಹೊಗೆಯನ್ನೂ ಸಂಗ್ರಹಿಸಿ ಪರೀಕ್ಷಿಸಿ, ಅದರಲ್ಲಿ ಡಯಾಕ್ಸಿನ್ ಇದೆಯೆಂದು ಪ್ರಕಟಿಸಿದರು. ಅದುವರೆಗೆ ಇದು ಕೆಲವು ರಾಸಾಯನಿಕ ಕಾರ್ಖಾನೆಗಳ ರೋಗವೆಂದೇ ಎಲ್ಲರೂ ತಿಳಿದಿದ್ದರು. ದಿನನಿತ್ಯದ ಮನೆಯ ಕಸವೇ ಇದನ್ನು ಹುಟ್ಟಿಸಬಲ್ಲದೆಂಬುದು ಹೊಸ ಮಾತಾಗಿತ್ತು.

ಮುಂದೆ ಹನ್ನೆರಡು ವರ್ಷಗಳಿಗೆ, 1989ರಲ್ಲಿ, ಅದೇ ದೇಶದ ರಾಟರ್‌ಡ್ಯಾಮ್ ನಗರದ ಪಶ್ಚಿಮಕ್ಕಿರುವ ಲಿಕೆಬಾರ್ಟ್ ಎಂಬ ಹುಲ್ಲುಗಾವಲಿನ ಸೀಮೆಯಲ್ಲಿ ಹಸುಗಳ ಹಾಲನ್ನು ಪರೀಕ್ಷಿಸಲಾಯಿತು. ಹಾಲಿನಲ್ಲಿ ಡಯಾಕ್ಸಿನ್ ಬಹಳವಾಗಿತ್ತು. ಆ ಪ್ರದೇಶಕ್ಕೆ ಹತ್ತಿರದಲ್ಲಿ, ನದಿಯಾಚೆ, ದೊಡ್ಡದೊಂದು ಕಸ ಸುಡುವ ಘಟಕವಿತ್ತು. ಗಾಳಿಯೊಡನೆ ಬಂದ ಧೂಳು ಹುಲ್ಲಿನ ಮೇಲೆ ಕುಳಿತಿತ್ತು. ಹುಲ್ಲನ್ನು ಹಸು ಮೇದಿತ್ತು. ಹಸುವಿನ ದೇಹದಲ್ಲಿ ಕೊಬ್ಬು ಸೇರುವೆಡೆಯಲ್ಲಿ ವಿಷವೂ ಸೇರಿ, ಕೆಚ್ಚಲಿಗೆ ಇಳಿದಿತ್ತು. ಸರ್ಕಾರವು ಆ ಸೀಮೆಯ ಹಾಲಿನ ಮಾರಾಟವನ್ನು ನಿಷೇಧಿಸಿತು. ಹಾಲಿನ ಕೊಬ್ಬಿನ ಒಂದು ಗ್ರಾಮಿಗೆ 6 ಪಿಕೋಗ್ರಾಮ್ ಮೀರಕೂಡದು ಎಂಬ ಮಿತಿಯನ್ನು ವಿಧಿಸಿತು. ಪಿಕೋಗ್ರಾಮ್ ಎಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದಾಗ ಬರುವ ಒಂದು ಪಾಲು. ಅಷ್ಟು ಸೂಕ್ಷ್ಮ ಪ್ರಮಾಣಕ್ಕೇ ಒಂದು ಸರ್ಕಾರ ಹೆದರಿತೆಂದರೆ ವಿಷದ ಬಲವೆಷ್ಟೆಂದು ಊಹಿಸಬಹುದು.

ಈ ಪ್ರಸಂಗದಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ವಿಷ ನಡೆದ ದಾರಿಯನ್ನು. ಹೊಗೆ ಎಂದೊಡನೆ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಆದರೆ ಡಯಾಕ್ಸಿನ್ ಮೂಗಿನಿಂದ ಬರುವುದು ಅತಿ ಕಡಿಮೆ. ಮನುಷ್ಯರಿಗೆ ಸೇರುವ ಡಯಾಕ್ಸಿನ್‌ನಲ್ಲಿ ಶೇ. 90ಕ್ಕಿಂತ ಹೆಚ್ಚು ಆಹಾರದ ಮೂಲಕವೇ, ಅದರಲ್ಲಿಯೂ ಮಾಂಸ, ಮೀನು, ಹಾಲಿನ ಪದಾರ್ಥಗಳ ಮೂಲಕವೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಕಾಹಾರಿಗಳಾದ ನಮಗೆ ಮೊದಲೆರಡರ ಭಯವಿಲ್ಲ. ಆದರೆ ಹಾಲು, ಮೊಸರು, ಬೆಣ್ಣೆ, ತುಪ್ಪಗಳಿಲ್ಲದ ಮನೆ ನಮ್ಮಲ್ಲಿ ಯಾವುದು? ಹಾಲನ್ನು ಎಷ್ಟು ಕಾಯಿಸಿದರೂ ಈ ವಿಷ ಕೆಡುವುದಿಲ್ಲ, ಏಕೆಂದರೆ ಅದು ನಾಶವಾಗಲು ಒಲೆಯ ಶಾಖ ಸಾಲದು.

ಇದನ್ನು ಓದಿ ಯಾರೂ ಹಾಲು ಬಿಡಬೇಕಾಗಿಲ್ಲ. ಎಳೆಗೂಸಿನ ತಾಯಂದಿರಂತೂ ಒಂದು ಕ್ಷಣವೂ ಸಂದೇಹಪಡಬಾರದು. ತಾಯಿಯ ಹಾಲಿನಲ್ಲಿಯೂ ಡಯಾಕ್ಸಿನ್ ಅಲ್ಪ ಪ್ರಮಾಣದಲ್ಲಿ ಕಂಡುಬರುತ್ತದೆಂಬುದು ನಿಜ. ಆದರೂ ಎದೆಹಾಲಿನ ಲಾಭ ಅದಕ್ಕಿಂತ ಬಹಳ ದೊಡ್ಡದೆಂದು ವೈದ್ಯರೆಲ್ಲರೂ ಒಪ್ಪಿದ್ದಾರೆ. ಮೊದಲ ಆರು ತಿಂಗಳು ಎದೆಹಾಲನ್ನೇ ಕೊಡಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲಿ ಬದಲಾವಣೆಯಿಲ್ಲ. ಸರಿಪಡಿಸಬೇಕಾದುದು ಬೆಂಕಿಯನ್ನೇ ಹೊರತು ಹಾಲನ್ನಲ್ಲ.

ಬೆಂಕಿ ಹೇಗೆ ಕೆಡುತ್ತದೆ

ಬೆಂಕಿ ಸಕಲವನ್ನೂ ಶುದ್ಧಿಗೊಳಿಸುತ್ತದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಶುದ್ಧಿಗೊಳಿಸುವ ಬೆಂಕಿ ಇದೆ. ಅದು ಬಹಳ ಬಿಸಿಯಾಗಿರಬೇಕು, ಅದಕ್ಕೆ ಧಾರಾಳವಾಗಿ ಗಾಳಿ ದೊರೆಯಬೇಕು, ಹೊಗೆ ಆ ಶಾಖದಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕು. 850 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಶಾಖದಲ್ಲಿ ಎರಡು ಸೆಕೆಂಡು ನಿಂತ ಹೊಗೆಯಲ್ಲಿ ಡಯಾಕ್ಸಿನ್ ಬಹುಮಟ್ಟಿಗೆ ಸೀಳಿಹೋಗುತ್ತದೆ. ಯುರೋಪಿನ ನಿಯಮ ಇಷ್ಟನ್ನು ಕಡ್ಡಾಯಗೊಳಿಸಿದೆ. ಕ್ಲೋರಿನ್‌ಯುಕ್ತ ತ್ಯಾಜ್ಯ ಹೆಚ್ಚಾಗಿದ್ದರೆ 1100 ಡಿಗ್ರಿ ಬೇಕೆನ್ನುತ್ತದೆ.

ಆದರೆ ವಿಜ್ಞಾನಿಗಳನ್ನು ಬಹುಕಾಲ ತಬ್ಬಿಬ್ಬುಗೊಳಿಸಿದ ಸಂಗತಿಯೊಂದಿತ್ತು. ಕುಲುಮೆಯಲ್ಲಿ ಚೆನ್ನಾಗಿ ಉರಿದು ಶುದ್ಧವಾದ ಹೊಗೆಯಲ್ಲಿಯೂ ಚಿಮಣಿಯ ತುದಿಗೆ ಬರುವಷ್ಟರಲ್ಲಿ ಮತ್ತೆ ಡಯಾಕ್ಸಿನ್ ಕಾಣಿಸುತ್ತಿತ್ತು. ಸತ್ತದ್ದು ದಾರಿಯಲ್ಲಿ ಮರಳಿ ಹುಟ್ಟುತ್ತಿತ್ತು. ಹೊಗೆಯು ತಣಿಯುತ್ತ 450ರಿಂದ 200 ಡಿಗ್ರಿಗಳ ನಡುವೆ ಹಾಯುವಾಗ, ಅದರಲ್ಲಿರುವ ಬೂದಿಯ ಕಣಗಳ ಮೇಲೆ ಉಳಿದ ಇಂಗಾಲವೂ ಕ್ಲೋರಿನ್ನೂ ಸೇರಿ ಹೊಸದಾಗಿ ಡಯಾಕ್ಸಿನ್ ಆಗುತ್ತವೆ. 300 ಡಿಗ್ರಿಯ ಆಸುಪಾಸಿನಲ್ಲಿ ಇದು ಅತ್ಯಂತ ಚುರುಕು. ಬೂದಿಯಲ್ಲಿ ತಾಮ್ರದ ಅಂಶವಿದ್ದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಆ ಕೆಲಸ ಇನ್ನೂ ವೇಗವಾಗಿ ನಡೆಯುತ್ತದೆ. ಹೊಗೆಯ ಧೂಳನ್ನು ಹಿಡಿಯಲೆಂದು ಹಳೆಯ ಘಟಕಗಳಲ್ಲಿ ಇಟ್ಟಿದ್ದ ವಿದ್ಯುತ್ ಶೋಧಕಗಳು ಇದೇ ಶಾಖದಲ್ಲಿ ಕೆಲಸ ಮಾಡುತ್ತಿದ್ದವು. ಶುದ್ಧಿಗೆಂದು ಇಟ್ಟ ಯಂತ್ರವೇ ವಿಷದ ತೊಟ್ಟಿಲಾಗಿತ್ತು.

ಈ ಮರ್ಮ ತಿಳಿದ ಬಳಿಕ ಉಪಾಯಗಳು ಒಂದೊಂದಾಗಿ ಬಂದವು. ಹೊಗೆಯನ್ನು ಆ ಅಪಾಯದ ಶಾಖದಲ್ಲಿ ತಡೆಯದೆ ಬೇಗನೆ ತಣಿಸುವುದು ಒಂದು. ತಣಿದ ಹೊಗೆಗೆ ಸುಣ್ಣವನ್ನೂ, ವಿಶೇಷವಾಗಿ ಸಿದ್ಧಪಡಿಸಿದ ನುಣ್ಣನೆಯ ಇದ್ದಿಲ ಪುಡಿಯನ್ನೂ ಊದುವುದು ಇನ್ನೊಂದು; ಸುಣ್ಣ ಆಮ್ಲವನ್ನು ಹಿಡಿಯುತ್ತದೆ, ಇದ್ದಿಲು ಡಯಾಕ್ಸಿನ್ನನ್ನು ಹೀರಿಕೊಳ್ಳುತ್ತದೆ. ಬಳಿಕ ಆ ಹೊಗೆಯನ್ನು ಸಾಲುಸಾಲಾಗಿ ತೂಗುಹಾಕಿದ ಉದ್ದನೆಯ ಬಟ್ಟೆಯ ಚೀಲಗಳ ಮೂಲಕ ಹಾಯಿಸುತ್ತಾರೆ. ಧೂಳೂ ಇದ್ದಿಲೂ ಚೀಲದಲ್ಲಿ ಉಳಿದು ಗಾಳಿ ಮಾತ್ರ ಹೊರಡುತ್ತದೆ. ಕೆಲವೆಡೆ ಇದಾದ ಮೇಲೆ ಉಳಿದಷ್ಟನ್ನೂ ಒಡೆಯುವ ರಾಸಾಯನಿಕ ಪ್ರಚೋದಕದ ಹಾಸುಗಳನ್ನೂ ಇಡುತ್ತಾರೆ. ಚಿಮಣಿಯ ತುದಿಯಲ್ಲಿ ಒಂದು ಘನಮೀಟರ್ ಹೊಗೆಗೆ 0.1 ನ್ಯಾನೋಗ್ರಾಮ್ ಮೀರಬಾರದು ಎಂಬ ಮಿತಿ ಹಾಲೆಂಡ್, ಜರ್ಮನಿಗಳಲ್ಲಿ ಮೊದಲಾಗಿ ಮುಂದೆ ಯುರೋಪಿನ ಮಿತಿಯಾಯಿತು. ಒಂದು ಗ್ರಾಮನ್ನು ಸಾವಿರ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ಸಾವಿರ ಲೀಟರ್ ಹಿಡಿಯುವ ಪೆಟ್ಟಿಗೆಯ ಗಾಳಿಯಲ್ಲಿ ಬೆರೆಸಿದರೆ ಎಷ್ಟೋ ಅಷ್ಟು.

ಇದೆಲ್ಲ ಸಾಧ್ಯವೇ ಎಂದು ಕೇಳುವವರಿಗೆ ಲೆಕ್ಕವಿದೆ. ಅಮೆರಿಕದ ನಗರಗಳ ಕಸದ ಕುಲುಮೆಗಳಿಂದ 1990ರಲ್ಲಿ ವರ್ಷಕ್ಕೆ ಸುಮಾರು 4400 ಗ್ರಾಮ್ ಡಯಾಕ್ಸಿನ್ ಹೊರಬೀಳುತ್ತಿತ್ತು. 2005ರ ವೇಳೆಗೆ ಅದು 15 ಗ್ರಾಮಿಗೆ ಇಳಿಯಿತು. ಜಪಾನಿನಲ್ಲಂತೂ ಊರೂರಿಗೆ ಕಸದ ಕುಲುಮೆಗಳಿದ್ದವು, ಶಾಲೆಗಳ ಅಂಗಳದಲ್ಲಿಯೂ ಮಕ್ಕಳು ಕಸ ಹಾಕುವ ಪುಟ್ಟ ಕುಲುಮೆಗಳಿದ್ದವು. 1990ರ ದಶಕದ ಕೊನೆಯಲ್ಲಿ ಜನರ ಆತಂಕ ತಾರಕಕ್ಕೇರಿದಾಗ ಶಾಲೆಯ ಕುಲುಮೆಗಳನ್ನು ನಿಲ್ಲಿಸಿದರು. 1999ರಲ್ಲಿ ಡಯಾಕ್ಸಿನ್ ನಿಯಂತ್ರಣಕ್ಕೆಂದೇ ಪ್ರತ್ಯೇಕ ಕಾನೂನು ತಂದರು. ಸಣ್ಣ ಕುಲುಮೆಗಳನ್ನು ಮುಚ್ಚಿ ದೊಡ್ಡವನ್ನು ಸರಿಪಡಿಸಿದರು. 1997ಕ್ಕೆ ಹೋಲಿಸಿದರೆ ಐದಾರು ವರ್ಷಗಳಲ್ಲಿ ಶೇ. 90ಕ್ಕೂ ಹೆಚ್ಚು ಇಳಿಕೆಯಾಯಿತು. ಜಪಾನು ಮೊದಲು ಮುಚ್ಚಿದ್ದು ಸಣ್ಣ ಕುಲುಮೆಗಳನ್ನು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆ ಮಾತಿಗೆ ಮತ್ತೆ ಬರುತ್ತೇವೆ.

ಹೊಗೆಯಿಂದ ಹಿಡಿದಿಟ್ಟ ವಿಷ ಎಲ್ಲಿ ಹೋಯಿತು? ಚೀಲದ ಬೂದಿಯಲ್ಲಿ ಕುಳಿತಿದೆ. ಆದ್ದರಿಂದ ಆ ಹಾರುಬೂದಿಯನ್ನು ಅಪಾಯಕಾರಿ ತ್ಯಾಜ್ಯವೆಂದು ಭಾವಿಸಿ, ನೀರು ಇಳಿಯದಂತೆ ಕಟ್ಟಿದ ಗುಂಡಿಗಳಲ್ಲಿ ಹೂಳಬೇಕು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ 1990ರ ದಶಕದಲ್ಲಿ ಬೈಕರ್ ಎಂಬಲ್ಲಿಯ ಕುಲುಮೆಯ ಬೂದಿಯನ್ನು ಜನರು ತರಕಾರಿ ಬೆಳೆದು ಕೋಳಿ ಸಾಕುವ ಹಿತ್ತಲುಗಳ ಕಾಲುದಾರಿಗೆ ಹಾಸಿಬಿಟ್ಟರು. ಕೋಳಿಗಳು ಕೆದಕಿದವು; ಮೊಟ್ಟೆಗಳಲ್ಲಿ ಡಯಾಕ್ಸಿನ್ ಬಂತು; ಕಡೆಗೆ ಆ ಬೂದಿಯನ್ನೆಲ್ಲ ಬಳಿದು ತೆಗೆಯಬೇಕಾಯಿತು. ವಿಭೂತಿಯನ್ನು ಹಣೆಗೆ ಧರಿಸುವ ನಮಗೆ ಬೂದಿಯೆಂದರೆ ಪವಿತ್ರ ಭಾವನೆ. ಹಳ್ಳಿಗಳಲ್ಲಿ ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತೇವೆ, ತರಕಾರಿ ಮಡಿಗೆ ಎರಚುತ್ತೇವೆ. ಕಟ್ಟಿಗೆಯ ಬೂದಿ, ಸೆಗಣಿಯ ಬೂದಿ ಬೇರೆ. ಪ್ಲಾಸ್ಟಿಕ್ ಬೆರೆತ ಕಸದ ಬೂದಿ ಬೇರೆ. ಎರಡನೆಯದು ತಿಪ್ಪೆಗೂ ಹೋಗಕೂಡದು.

ನಮ್ಮ ನಾಡಿನ ನಿಯಮ, ನಮ್ಮ ನಾಡಿನ ಕಸ

ನಮ್ಮ ದೇಶದಲ್ಲಿಯೂ ನಿಯಮಗಳಿಗೆ ಕೊರತೆಯಿಲ್ಲ. ಬೆಂಗಳೂರಿನವರಾದ ಅಲ್ಮಿತ್ರಾ ಪಟೇಲರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದಲೇ ದೇಶದ ಕಸದ ನಿಯಮಗಳು ರೂಪುಗೊಂಡವು ಎಂಬುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ. 2016ರ ಘನತ್ಯಾಜ್ಯ ನಿಯಮಗಳು ಕುಲುಮೆಗಳಿಗೆ ಯುರೋಪಿನಷ್ಟೇ ಕಟ್ಟುನಿಟ್ಟಾದ 0.1 ನ್ಯಾನೋಗ್ರಾಮ್ ಮಿತಿಯನ್ನು ವಿಧಿಸಿದವು. ಅದೇ ವರ್ಷದ ಆಸ್ಪತ್ರೆ ತ್ಯಾಜ್ಯದ ನಿಯಮಗಳು ಅದೇ ಮಿತಿಯ ಜೊತೆಗೆ, ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ ಚೀಲ, ಕೈಗವಸುಗಳನ್ನು ಕ್ರಮೇಣ ನಿಲ್ಲಿಸಬೇಕೆಂದವು. ವಿಷವನ್ನು ಚಿಮಣಿಯಲ್ಲಿ ಹಿಡಿಯುವುದಕ್ಕಿಂತ ಅದರ ಬೀಜವನ್ನೇ ಕುಲುಮೆಗೆ ಹಾಕದಿರುವುದು ಸುಲಭ. ಆ ನಿಯಮದ ಹಿಂದಿನ ವಿವೇಕವಿದು.

ಕಷ್ಟವಿರುವುದು ಕಸದಲ್ಲಿ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕೆ ಹತ್ತಿರ, ಎಷ್ಟೋ ಊರುಗಳಲ್ಲಿ ಅದಕ್ಕಿಂತ ಹೆಚ್ಚು, ಅಡುಗೆಮನೆಯ ಹಸಿ ಕಸ. ತೊಯ್ದ ಕಟ್ಟಿಗೆಯಿಂದ ಒಲೆ ಹೊತ್ತಿಸಿದ ಅನುಭವ ನಮ್ಮ ತಾಯಂದಿರಿಗೆಲ್ಲ ಇದೆ. ಕುಲುಮೆಯ ಕಷ್ಟವೂ ಅದೇ. ಹಸಿ ಕಸ ಬೆರೆತರೆ ಶಾಖ ಏರುವುದಿಲ್ಲ, ಏರಿದ ಶಾಖ ನಿಲ್ಲುವುದಿಲ್ಲ. ಊಟದಲ್ಲಿ ಉಳಿದ ಸಾರು ಸಾಂಬಾರುಗಳ ಉಪ್ಪು ಕೂಡ ಕ್ಲೋರಿನ್ನನ್ನು ಒದಗಿಸುತ್ತದೆ. ಆದಕಾರಣವೇ ಬಿಡದಿಯಂಥ ಘಟಕ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲಾಗದು. ದಿನಕ್ಕೆ 600 ಟನ್ ಕಸದಿಂದ 11.5 ಮೆಗಾವಾಟ್ ವಿದ್ಯುತ್ ಎಂಬ ಲೆಕ್ಕದಲ್ಲಿ ಕಟ್ಟಿದ ಆ ಘಟಕದ ಹೊಗೆ ಎಷ್ಟು ಶುದ್ಧವೆಂಬುದು ಬೆಂಗಳೂರಿನ ಲಕ್ಷಾಂತರ ಅಡುಗೆಮನೆಗಳಲ್ಲಿ ಬೆಳಿಗ್ಗೆ ಕಸ ಬೇರೆಯಾಯಿತೇ ಇಲ್ಲವೇ ಎಂಬುದರ ಮೇಲೂ ನಿಂತಿದೆ.

ನಿಮ್ಮ ಊರಿಗೆ ಇಂಥ ಘಟಕ ಬರುವುದಾದರೆ ಸಾರ್ವಜನಿಕ ಅಹವಾಲು ಸಭೆಗೆ ಹೋಗಿ, ಸುಮ್ಮನೆ ಬೇಡವೆನ್ನದೆ, ಸುಮ್ಮನೆ ಒಪ್ಪಿಯೂ ಬಿಡದೆ, ಪ್ರಶ್ನೆ ಕೇಳಬೇಕು. ಕುಲುಮೆಯ ಶಾಖವನ್ನು ದಿನವಿಡೀ ದಾಖಲಿಸಿ ಜನರಿಗೆ ತೋರಿಸುವಿರಾ? ಕುಲುಮೆಯನ್ನು ಹೊತ್ತಿಸುವಾಗಲೂ ಆರಿಸುವಾಗಲೂ ಶಾಖ ಕಡಿಮೆಯಿದ್ದು ವಿಷ ಹೆಚ್ಚು ಹುಟ್ಟುತ್ತದೆ. ಆಗ ಬೇರೆ ಇಂಧನದಿಂದ ಶಾಖವನ್ನು ಕಾಯುವ ವ್ಯವಸ್ಥೆ ಇದೆಯೇ? ಇದ್ದಿಲ ಪುಡಿಗೂ ಚೀಲಗಳಿಗೂ ವರ್ಷ ವರ್ಷವೂ ಹಣವಿಟ್ಟಿದ್ದೀರಾ? ಡಯಾಕ್ಸಿನ್ ಪರೀಕ್ಷೆ ದುಬಾರಿಯಾದುದರಿಂದ ವರ್ಷಕ್ಕೊಮ್ಮೆ ಮಾಡಿ ಮುಗಿಸುವ ವಾಡಿಕೆ ಇದೆ. ಆ ಒಂದು ದಿನ ಬಿಟ್ಟು ಉಳಿದ ದಿನಗಳ ಗತಿಯೇನು? ಬೂದಿ ಎಲ್ಲಿಗೆ ಹೋಗುತ್ತದೆ? ಇವಕ್ಕೆ ಕಾಗದದ ಮೇಲೆ ಉತ್ತರ ಕೊಡಲಾರದವರಿಗೆ ಕುಲುಮೆಯನ್ನು ಒಪ್ಪಿಸಬಾರದೆಂಬುದು ನಮ್ಮ ಅಭಿಪ್ರಾಯ. ಅದನ್ನು ನಡೆಸುವ ಕಾರ್ಮಿಕರಿಗೆ, ಬೂದಿ ತುಂಬುವವರಿಗೆ, ಮುಖಗವಸು ಕೈಗವಸುಗಳಿವೆಯೇ ಎಂದು ಕೇಳುವುದನ್ನೂ ಮರೆಯಬಾರದು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದ ನಾವು ಅವರ ಪರವಾಗಿ ಕೇಳದೆ ಇನ್ನಾರು ಕೇಳಬೇಕು?

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ನಮ್ಮ ಗುಂಡಿಯ ಹೊಗೆಯಲ್ಲಿ ಏನಿದೆ?

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಮನೆಯ ಹಿತ್ತಲಿನಲ್ಲಿ ಪೀಪಾಯಿಯೊಳಗೆ ಕಸ ಸುಡುವುದನ್ನು ಪ್ರಯೋಗಕ್ಕೆ ಒಳಪಡಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶವಿದು: ಎರಡರಿಂದ ನಲವತ್ತು ಮನೆಗಳವರು ಪ್ರತಿದಿನ ಹೀಗೆ ಸುಟ್ಟರೆ, ದಿನಕ್ಕೆ 200 ಟನ್ ಕಸ ಸುಡುವ, ಸುಸಜ್ಜಿತವಾದ ಒಂದು ದೊಡ್ಡ ಕುಲುಮೆಯಷ್ಟು ಡಯಾಕ್ಸಿನ್ ಹೊರಬೀಳಬಲ್ಲದು. ಮೊದಲ ಸಲ ಓದಿದಾಗ ನಮಗೂ ನಂಬಿಕೆ ಬರಲಿಲ್ಲ. ಆದರೆ ಮೇಲೆ ಹೇಳಿದ ಮರ್ಮವನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಗುಂಡಿಯ ಬೆಂಕಿಗೆ ಅಷ್ಟು ಶಾಖವಿಲ್ಲ, ಸಾಕಷ್ಟು ಗಾಳಿಯಿಲ್ಲ, ಇದ್ದಿಲಿಲ್ಲ, ಚೀಲವಿಲ್ಲ. ರಾತ್ರಿಯಿಡೀ ಕನಲುತ್ತ, ಡಯಾಕ್ಸಿನ್ ಹುಟ್ಟುವ ಅದೇ ಶಾಖದಲ್ಲಿ ಗಂಟೆಗಟ್ಟಲೆ ಕುಳಿತಿರುತ್ತದೆ. ಎತ್ತರದ ಚಿಮಣಿಯೂ ಇಲ್ಲದ ಕಾರಣ ಧೂಳು ದೂರ ಹೋಗದೆ ಅಲ್ಲೇ ಪಕ್ಕದ ಮೇವಿನ ಮೇಲೆ ಇಳಿಯುತ್ತದೆ.

ಗುಂಡಿಗೆ ಹಾಕುವ ವಸ್ತುಗಳನ್ನೂ ನೋಡಬೇಕು. ಫ್ಲೆಕ್ಸ್ ಹಾಳೆ ಬಟ್ಟೆಯಲ್ಲ. ಅದು ಪಿವಿಸಿ ಲೇಪಿಸಿದ ವಸ್ತು, ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ. ವಿದ್ಯುದ್ದೀಪದ ಅಲಂಕಾರ ಮುಗಿದ ಮೇಲೆ ಉಳಿಯುವ ಹಳೆಯ ವೈರುಗಳನ್ನು ತಾಮ್ರಕ್ಕಾಗಿ ಸುಡುವ ಹುಡುಗರನ್ನು ನಾವು ಕಂಡಿದ್ದೇವೆ. ಅಲ್ಲಿ ಪಿವಿಸಿಯೂ ತಾಮ್ರವೂ ಒಂದೇ ಬೆಂಕಿಯಲ್ಲಿ ಕೂಡುತ್ತವೆ, ಅದಕ್ಕಿಂತ ಕೆಟ್ಟ ಬೆಂಕಿ ಬೇರೊಂದಿಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳೊಡನೆ ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಡುವವರಿಗೆ 5000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಡುವವರಿಗೆ 25,000 ರೂಪಾಯಿ ದಂಡವೆಂದು ಆದೇಶಿಸಿತು. ನಿಷೇಧದ ಬಳಿಕವೂ ನಮ್ಮ ಮಹಾದ್ವಾರದ ಮೇಲೆ ಫ್ಲೆಕ್ಸ್ ಹಾರಾಡುತ್ತಿದ್ದವು, ನಮ್ಮ ಗುಂಡಿ ಉರಿಯುತ್ತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಪರರ ಚಿಮಣಿಯನ್ನು ಪ್ರಶ್ನಿಸುವ ಮೊದಲು ನಾವು ಮಾಡಬೇಕಾಗಿದ್ದ ಕೆಲಸ ಮಠದ ಹಿತ್ತಲಿನಲ್ಲಿಯೇ ಇತ್ತು. ಗೋಶಾಲೆಯ ಹಾಲೇ ದಾಸೋಹದ ಮಜ್ಜಿಗೆಯಾಗಿ, ಪ್ರಸಾದವಾಗಿ ಸಾವಿರಾರು ಜನರ ಕೈಸೇರುತ್ತದೆ. ಪ್ರಸಾದವು ನಮಗೆ ಅಷ್ಟಾವರಣಗಳಲ್ಲಿ ಒಂದು.

ಈ ವಿಷಯವನ್ನು ಪೂಜ್ಯರ ಸನ್ನಿಧಿಯಲ್ಲಿ ನಿವೇದಿಸಿದಾಗ ಅವರು ಗುಂಡಿಯನ್ನು ಮುಚ್ಚಿಸಲು ಅಪ್ಪಣೆ ಕೊಡಿಸಿದರು. ಅದರ ಬೂದಿ ಬೆರೆತ ಮೇಲ್ಮಣ್ಣನ್ನು ದನಗಳು ಸುಳಿಯದಂತೆ ಬೇಲಿ ಹಾಕಿ ಪ್ರತ್ಯೇಕಿಸಲಾಗಿದೆ. ಅಲ್ಲಿ ಇನ್ನು ಮುಂದೆ ಮೇವು ಬೆಳೆಯುವುದಿಲ್ಲ. ಈ ಸಲದ ಜಾತ್ರೆಗೆ ಸ್ವಾಗತ ಕೋರುವ ಭಕ್ತರು ಹತ್ತಿಬಟ್ಟೆಯ ಮೇಲೆ ಬರೆಸಿದ ಬ್ಯಾನರುಗಳನ್ನು ಮಾತ್ರ ತರಬೇಕು. ಫ್ಲೆಕ್ಸ್ ತಂದರೆ ಮಹಾದ್ವಾರದಲ್ಲಿಯೇ ಹಿಂದಿರುಗಿಸಲಾಗುವುದು. ದಾಸೋಹದಲ್ಲಿ ಸ್ಟೀಲ್ ತಟ್ಟೆಗಳಿರುತ್ತವೆ, ಸಾಲದೆ ಬಂದಲ್ಲಿ ಮುತ್ತುಗದ ಎಲೆ. ಎಲೆ, ಹೂವು, ಸಿಪ್ಪೆಗಳು ತೋಟದ ಗೊಬ್ಬರದ ಗುಂಡಿಗೆ ಹೋಗುವವು. ಒಣ ಕಸವನ್ನು ಆರಿಸಿ ಕಟ್ಟಿ ಪಟ್ಟಣ ಪಂಚಾಯಿತಿಯ ಗಾಡಿಗೆ ಒಪ್ಪಿಸಲು ಮೂರು ದಿನಗಳಿಗೂ ಸೇರಿ ಅರವತ್ತು ಮಂದಿ ಸ್ವಯಂಸೇವಕರು ಬೇಕಾಗಿದ್ದಾರೆ. ತಟ್ಟೆ ತೊಳೆಯುವ ಸೇವೆಗೆ ಇನ್ನೂ ನಲವತ್ತು ಮಂದಿ. ಇಚ್ಛೆಯುಳ್ಳವರು ತೇರಿನ ಹಿಂದಿನ ಸೋಮವಾರದೊಳಗೆ ಮಠದ ಕಾರ್ಯಾಲಯದಲ್ಲಿ ಹೆಸರು ಬರೆಸತಕ್ಕದ್ದು.